ರೀಲಿಗೆ ಏರಿದ ವೆಂಕಟಾಚಲನ ಸಿನಿಮಾ

ಅರ್ಜಿಯ ಹಿಂಬದಿಯಲ್ಲಿದ್ದ ಒಂದು ಸಾಲನ್ನು ವೆಂಕಟಾಚಲ ಓದಿರಲಿಲ್ಲ. ಓದಿದಾಗ ಬೆವೆತುಹೋದ. ಕಿರುಚಿತ್ರ ಸ್ಪರ್ಧೆಗೆ ಫಿಲ್ಮ್ ರೀಲಿನಲ್ಲಿರುವ ಚಿತ್ರಗಳನ್ನು ಮಾತ್ರ ಕಳಿಸಬೇಕಂತೆ. ವಿಮಾ ಕಚೇರಿಯ ಗುಮಾಸ್ತನಾದ ಅವನು, ಹಲಸೂರು ಕೆರೆಯ ದಂಡೆಯಲ್ಲಿ ಒಬ್ಬನೇ ಕೂತ ಮನುಷ್ಯನ ಬಗ್ಗೆ ಎರಡೂವರೆ ನಿಮಿಷದ ಮೂಕಿ ಚಿತ್ರ ತೆಗೆದಿದ್ದ, ಅದೂ ಭಾವಮೈದುನನ ಡಿಜಿಟಲ್ ಕ್ಯಾಮೆರಾದಲ್ಲಿ. ಸ್ಪರ್ಧೆಯ ವಿಷಯವನ್ನು ಕಚೇರಿಯಲ್ಲೂ ಜೋಗುಪಾಳ್ಯದ ಬೀದಿಯಲ್ಲೂ ಆಗಲೇ ಸಾರಿಯಾಗಿತ್ತು.

ಶಿವಾಜಿನಗರದ ಮುಕ್ತಾರ್ ಹಿಂದೆ ಮದುವೆಗಳನ್ನು ಫಿಲ್ಮಿನಲ್ಲಿ ತೆಗೆಯುತ್ತಿದ್ದವನು. ವೆಂಕಟಾಚಲ ಅವನ ಬಳಿಗೆ ಓಡಿದ. “ಅದಕ್ಯಾಕೆ ಸಾರ್ ಟೆನ್ಷನ್? ಟೀವಿಲಿ ನಿಮ್ ಪಿಚ್ಚರ್ ಹಾಕಿ. ಮುಂದೆ ನನ್ ಕ್ಯಾಮೆರಾ ಇಟ್ಟು ತಗೊಂಡ್ಬಿಡೋಣ. ಫಿಲ್ಮ್ ಮೇಲೆ ಬಂದ್ರೆ ಆ ಕಳೆನೇ ಬೇರೆ,” ಅಂದ. ಅವನ ಬಳಿ ಉಳಿದಿದ್ದುದು ಒಂದೇ ಸುರುಳಿ. ಒಮ್ಮೆ ಓಡಿದರೆ ಮುಗಿಯಿತು.

ಭಾನುವಾರ ಬೆಳಿಗ್ಗೆ ವೆಂಕಟಾಚಲನ ಮನೆಯ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿದರು. ಚಿಲಕ ಕೆಟ್ಟಿದ್ದ ಬಾಗಿಲಿಗೆ ಹೆಂಡತಿ ಶಾಂತಕುಮಾರಿ ಒರಗಿ ನಿಂತಳು. ಕೋಣೆ ಉಪ್ಪಿನಕಾಯಿ ಭರಣಿಯ ಒಳಗಿನ ಹಾಗೆ ಕತ್ತಲಾಯಿತು. ಕ್ಯಾಮೆರಾ ಹೊಲಿಗೆ ಯಂತ್ರದಂತೆ ಸದ್ದು ಮಾಡುತ್ತ ಓಡತೊಡಗಿತು.

ಹತ್ತು ಸೆಕೆಂಡ್ ಕಳೆದಿರಬಹುದು. ಬಾಗಿಲು ಶಾಂತಕುಮಾರಿಯ ಸಮೇತ ಒಳಕ್ಕೆ ಬಂತು. ಅದರ ಹಿಂದೆ ಬಿಸಿಲು, ಬಿಸಿಲಿನ ಹಿಂದೆ ಪಕ್ಕದ ಮನೆಯ ಸುಭದ್ರಮ್ಮ, ಕೈಯಲ್ಲಿ ಅವರೆಕಾಯಿಯ ಮೊರ.

“ಹಾಡುಹಗಲಲ್ಲಿ ಕಿಟಕಿ ಮುಚ್ಚಿದೀರಲ್ಲ, ಯಾರಿಗೇನಾಯ್ತು?”

“ಏನೂ ಆಗಿಲ್ಲ ಸುಭದ್ರಮ್ಮ. ಫಿಲ್ಮ್ ಓಡ್ತಿದೆ, ಆಮೇಲೆ ಬನ್ನಿ,” ಅಂದ ವೆಂಕಟಾಚಲ.

“ಫಿಲ್ಮಾ? ಹಾಗಾದ್ರೆ ಕೂತ್ಕೊಂಡೇ ನೋಡ್ತೀನಿ.”

ಆಕೆ ಕುರ್ಚಿ ಎಳೆದುಕೊಂಡು ಅವರೆಕಾಯಿ ಬಿಡಿಸತೊಡಗಿದರು. ವೆಂಕಟಾಚಲ ಬೆಡ್‌ಶೀಟ್ ಹಿಡಿದು ಬಿಸಿಲಿಗೆ ಅಡ್ಡ ಹಾರಿದ. ಅಷ್ಟರಲ್ಲಿ ಮಹಡಿಯ ಚಲುವಯ್ಯ, ಕರೆಂಟು ಹೋಗಿದೆಯೆಂದು ತಿಳಿದು, ಟಾರ್ಚ್ ಬಿಡುತ್ತ ಫ್ಯೂಸ್ ಹುಡುಕಿಕೊಂಡು ಬಂದರು. ಬೆಡ್‌ಶೀಟಿಗೆ ಸಿಕ್ಕಿಕೊಂಡು ವೆಂಕಟಾಚಲನನ್ನೇ ತಬ್ಬಿದರು. ಸುಭದ್ರಮ್ಮ ಇತ್ತ ತಿರುಗಲೂ ಇಲ್ಲ. “ಆ ಮನುಷ್ಯ ಯಾಕೆ ಸುಮ್ನೆ ಕೂತವ್ನೆ? ಹೆಂಡ್ತಿ ಬೈದ್ಲಾ?” ಎಂದು ಟೀವಿಯನ್ನು ವಿಚಾರಿಸುತ್ತಿದ್ದರು. ಸುರುಳಿ ಮುಗಿಯಿತು.

“ಭಯ ಬೇಡ ಸಾರ್,” ಅಂದ ಮುಕ್ತಾರ್. “ಕ್ಯಾಮೆರಾ ಮುಖ ಟೀವಿ ಕಡೆನೇ ಇತ್ತು. ಬೆನ್ನ ಹಿಂದೆ ಏನ್ ಗಲಾಟೆ ಆದ್ರೂ ಅದಕ್ಕೇನ್ ಗೊತ್ತಾಗುತ್ತೆ?”

ಪ್ರೊಜೆಕ್ಟರ್ ಯಾರ ಬಳಿಯೂ ಇಲ್ಲದ್ದರಿಂದ ರೀಲು ಲ್ಯಾಬಿನಿಂದ ನೇರವಾಗಿ ಸ್ಪರ್ಧೆಗೆ ಹೋಯಿತು.

ಪ್ರದರ್ಶನಕ್ಕೆ ಬೀದಿಗೆ ಬೀದಿಯೇ ಬಂದಿತ್ತು. ಪರದೆಯ ಮೇಲೆ ಕೆರೆ ಮೂಡಿತು. ಫಿಲ್ಮಿನ ಮಂದ ಬಣ್ಣದಲ್ಲಿ ಅದು ಎಷ್ಟು ಚೆನ್ನಾಗಿ ಕಂಡಿತೆಂದರೆ ವೆಂಕಟಾಚಲ ಕುರ್ಚಿಯ ತುದಿಗೆ ಸರಿದು ಕೂತ. ಹತ್ತು ಸೆಕೆಂಡಿನ ನಂತರ ನೀರಿನ ನಟ್ಟನಡುವೆ ಸುಭದ್ರಮ್ಮ ಕೂತಿದ್ದರು. ಟೀವಿಯ ಗಾಜು ಇಡೀ ಕೋಣೆಯನ್ನು ಕನ್ನಡಿಯ ಹಾಗೆ ಹಿಡಿದುಬಿಟ್ಟಿತ್ತು. ಆಕೆಯ ಹಿಂದೆ ಒಂದೇ ಬೆಡ್‌ಶೀಟಿನೊಳಗೆ ಎರಡು ಭೂತಗಳು ಕುಣಿಯುತ್ತಿದ್ದವು. ಸಭೆ ನಕ್ಕು ನಕ್ಕು ಸುಸ್ತಾಯಿತು. ವೆಂಕಟಾಚಲ ಕುರ್ಚಿಯಲ್ಲಿ ಕುಸಿಯುತ್ತ ಕುಸಿಯುತ್ತ ಮುಂದಿನ ಸಾಲಿನವರ ಚಪ್ಪಲಿಯ ಮಟ್ಟಕ್ಕೆ ಬಂದ.

ಅತ್ಯುತ್ತಮ ನಟಿ ಪ್ರಶಸ್ತಿ ಸುಭದ್ರಮ್ಮನವರಿಗೆ ಬಂತು. ಆಕೆ ಫಲಕವನ್ನು ಸೆರಗಿನಲ್ಲಿ ಒರೆಸಿಕೊಂಡು ಆಟೋ ಹತ್ತಿದರು. ಮುಖ್ಯ ತೀರ್ಪುಗಾರರು ವೆಂಕಟಾಚಲನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈಯಿಟ್ಟರು.

“ಒಳ್ಳೆ ಕೈ ರೀ ನಿಮ್ದು. ಒಂದೇ ಕೊರತೆ. ಹಿಂದ್ಗಡೆ ಯಾರೋ ಒಬ್ಬ ಕೆರೆ ಹತ್ರ ಸುಮ್ನೆ ಕೂತಿರ್ತಾನಲ್ಲ, ಮುಂದಿನ ಸಲ ಅವನನ್ನ ತೆಗೆದ್ಬಿಡಿ. ತುಂಬ ಡಿಸ್ಟರ್ಬ್ ಮಾಡ್ತಾನೆ.”