ಬಣ್ಣ ನೋಡಿ ಹಾಕಿದ ಮೆಣಸಿನಕಾಯಿ

ಬಡಾಯಿ ಕೊಚ್ಚುವುದು ನನಗೆ ಹುಟ್ಟಿನಿಂದ ಬಂದ ಕಾಯಿಲೆ. ಯಾರಾದರೂ ಏನನ್ನಾದರೂ ಹೊಗಳಿದರೆ ಸಾಕು, "ಅದರಾಗ ಏನೈತಿ ಮಹಾ?" ಎಂಬ ಮಾತು ನನ್ನ ಅಪ್ಪಣೆಗೂ ಕಾಯದೆ ಹೊರಬಿದ್ದಿರುತ್ತದೆ. ಕಚೇರಿಯಲ್ಲಿ ಇದರಿಂದ ಹೆಚ್ಚೆಂದರೆ ಒಂದು ಹೊಸ ಕೆಲಸ ತಗಲಿಕೊಳ್ಳುತ್ತದೆ. ಮನೆಯಲ್ಲಿ ಒಮ್ಮೆ ಮಗಳ ಮಾನವೇ ಪಣಕ್ಕೆ ಬಿತ್ತು.

ಹಿಮಾಯತ್‌ನಗರದ ಓಣಿಯೊಂದರಲ್ಲಿ ನಾಲ್ಕೇ ಮೇಜುಗಳ ಚೈನೀಸ್ ಹೋಟೆಲಿತ್ತು. ಅಲ್ಲಿನ ಶೇಜ್ವಾನ್ ಸಾಸ್ ಎಂದರೆ ನನ್ನ ಹತ್ತು ವರ್ಷದ ಮಗಳು ಪಲ್ಲವಿಗೆ ಪ್ರಾಣ. ನೂಡಲ್ಸ್ ಬರೀ ನೆಪ. ದೋಸೆಗೂ ಚಪಾತಿಗೂ ಅವಳಿಗೆ ಅದೇ ಬೇಕು. ಆ ಹೋಟೆಲು ಇದ್ದಕ್ಕಿದ್ದಂತೆ ಮುಚ್ಚಿತು. ಅವಳ ಸಪ್ಪೆ ಮುಖ ನೋಡಲಾಗದೆ, "ಅದರಾಗ ಏನೈತಿ ಮಹಾ? ಮೆಣಸಿನಕಾಯಿ, ಬಳ್ಳೊಳ್ಳಿ, ವಿನೆಗರ್. ನಿನ್ನ ಹುಟ್ಟುಹಬ್ಬಕ್ಕ ನಾನ ಮಾಡ್ತೀನಿ" ಎಂದೆ. ಅವಳು ಶಾಲೆಯಲ್ಲಿ ಡಂಗುರ ಸಾರಿ, ನಂಬದ ಮೂವರು ಗೆಳತಿಯರನ್ನು ಭಾನುವಾರದ ಊಟಕ್ಕೆ ಕರೆದೇಬಿಟ್ಟಳು. "ಅಪ್ಪಾ, ಸರಿ ಆಗಲಿಲ್ಲಂದ್ರ ನಾ ಸೋಮವಾರ ಸಾಲಿಗೆ ಹೋಗಂಗಿಲ್ಲ" ಎಂದು ನನಗೆ ಎಚ್ಚರಿಕೆಯನ್ನೂ ಕೊಟ್ಟಳು.

ಭಾನುವಾರ ಹೆಂಡತಿ ಶೈಲಾ ಕೇಕ್ ತರಲು ಹೋದಾಗ ನಾನು ಅಡುಗೆಮನೆ ಹೊಕ್ಕೆ. ನಾವು ಕೆಲಸಕ್ಕೆಂದು ಈ ತೆಲುಗು ನಾಡಿಗೆ ಬಂದ ಹಾವೇರಿ ಕಡೆಯವರು, ಬ್ಯಾಡಗಿ ಮೆಣಸಿನಕಾಯಿ ತಿಂದು ಬೆಳೆದ ಮಂದಿ. ಅದು ಬಣ್ಣಕ್ಕೆ ಹುಲಿ, ಖಾರಕ್ಕೆ ಬೆಕ್ಕು. ಹಾಗಾಗಿ ನಮ್ಮಲ್ಲಿ ಮೆಣಸಿನಕಾಯಿಯನ್ನು ಯಾರೂ ಎಣಿಸಿ ಹಾಕುವುದಿಲ್ಲ. ಕೆಂಪು ಏರುವವರೆಗೆ ಹಾಕುತ್ತಾ ಹೋಗುತ್ತೇವೆ. ಡಬ್ಬಿಯಿಂದ ತೆಗೆದು, ನೆನೆಸಿ, ರುಬ್ಬಿದೆ. ಬಣ್ಣ ಸಾಲಲಿಲ್ಲ. ಇನ್ನೊಂದು ಹಿಡಿ ಹಾಕಿದೆ. ಊಹೂಂ. ಕೊನೆಗೆ ಡಬ್ಬಿಯನ್ನೇ ಬೋರಲು ಹಾಕಿದೆ. ಅದನ್ನು ಬೆಳ್ಳುಳ್ಳಿಯ ಜೊತೆ ಎಣ್ಣೆಗೆ ಬಿಟ್ಟಾಗ ಎದುರು ಫ್ಲ್ಯಾಟಿನವರೆಲ್ಲ ಕೆಮ್ಮತೊಡಗಿದರು. ಆಗಲೂ ನನಗೆ ಅನುಮಾನ ಬರಲಿಲ್ಲ.

ಶೈಲಾ ಮೂಗಿಗೆ ದುಪಟ್ಟಾ ಒತ್ತಿಕೊಂಡು ಒಳಬಂದಳು. "ಏನ್ರಿ ಇದು! ಬ್ಯಾಡಗಿ ತೀರಿ ವಾರಾತು. ಡಬ್ಬ್ಯಾಗ ಇದ್ದದ್ದು ಗುಂಟೂರಿಂದು! ಎಷ್ಟು ಹಾಕೀರಿ?"

"ಅಷ್ಟೂ."

"ಅಯ್ಯ ನನ ಶಿವನ! ಹುಡುಗ್ಯಾರನ್ನ ಕೊಲ್ಲವ್ರದೀರೇನು?"

ನಾಲಿಗೆಯ ತುದಿಗೆ ಇಷ್ಟೇ ಹಚ್ಚಿಕೊಂಡೆ. ಕಿವಿ ಮುಚ್ಚಿಹೋಯಿತು. ಸಕ್ಕರೆ ಸುರಿದೆ, ಟೊಮೆಟೊ ಹಾಕಿದೆ. ಖಾರ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು, ಗೆಳತಿಯರು ಬಂದೇಬಿಟ್ಟಿದ್ದರು. ಸಾಸ್ ಚೆಲ್ಲಿಹೋಯಿತೆಂದು ಸುಳ್ಳು ಹೇಳೋಣವೆಂದರೆ, ಪಲ್ಲವಿ ಬಟ್ಟಲನ್ನು ಕಸಿದುಕೊಂಡು ಹೋಗಿ ಎಲ್ಲರ ನೂಡಲ್ಸ್ ಮೇಲೆ ಧಾರಾಳವಾಗಿ ಬಡಿಸಿಯೇಬಿಟ್ಟಳು.

ನಾನು ಬಾಗಿಲಲ್ಲಿ ನಿಂತು ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಮೊದಲ ತುತ್ತು ತಿಂದವಳು ಸಾಹಿತಿ ಎಂಬ ತೆಲುಗು ಹುಡುಗಿ. "ಅಂಕುಲ್..." ಎಂದು ತಲೆಯೆತ್ತಿದಳು. "ಚಾಲಾ ಬಾಗುಂದಿ! ಇಂಕಾ ಕೊಂಚೆಂ ವೇಯಂಡಿ!"

ಬಹಳ ಚೆನ್ನಾಗಿದೆಯಂತೆ, ಇನ್ನೂ ಬೇಕಂತೆ! ಹುಟ್ಟಿದಂದಿನಿಂದ ಆವಕಾಯಿ ಉಪ್ಪಿನಕಾಯಿಯ ನಡುವೆಯೇ ಬೆಳೆದ ಮಕ್ಕಳು ಬಟ್ಟಲನ್ನು ಬೆರಳಿನಿಂದ ಬಳಿದು ನೆಕ್ಕಿದರು. ಪಲ್ಲವಿ ಕೂಡ ತಟ್ಟೆ ಖಾಲಿ ಮಾಡಿ, "ದೇಖೇ? ಮೈ ಬೋಲೀ ನಾ?" ಎಂದು, ನೋಡಿದಿರಾ, ನಾನು ಹೇಳಿರಲಿಲ್ಲವೇ ಎಂಬಂತೆ, ಹಿಂದಿಯಲ್ಲಿ ಬೀಗಿದಳು. ಅವಳ ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ಆನಂದಬಾಷ್ಪ ಎಂದುಕೊಂಡೆ. ಅಬ್ಬಾ, ಹೋದ ಜೀವ ಬಂದಂತಾಯಿತು.

ಗೆಳತಿಯರು ಲಿಫ್ಟ್ ಹತ್ತಿದ್ದೇ ತಡ, ಪಲ್ಲವಿ ಫ್ರಿಜ್ಜಿಗೆ ಓಡಿ ಮೊಸರಿನ ಪಾತ್ರೆಯನ್ನೇ ಎತ್ತಿ ಕುಡಿದಳು. "ಅಪ್ಪಾ, ಅದು ಹೋಟೆಲಿಂದರಂಗ ಒಂಚೂರೂ ಇರಲಿಲ್ಲ. ಬಾಯಾಗ ಬೆಂಕಿ ಬಿದ್ದಂಗ ಆಗೇತಿ."

"ಮತ್ಯಾಕ ತಿಂದಿ?"

"ನೀ ಬಾಗಲದಾಗ ನಿಂತು ನನ್ನ ಮಾರೀನ ನೋಡಾಕತ್ತಿದ್ದೆಲ್ಲ!"

ಸಂಜೆ ಶೈಲಾ ಬಾಣಲೆಯಲ್ಲಿ ಉಳಿದಿದ್ದ ಸಾಸನ್ನೆಲ್ಲ ನನ್ನ ಚಪಾತಿಯ ಪಕ್ಕಕ್ಕೆ ಬಡಿಸಿದಳು. ಪಲ್ಲವಿ ಗಲ್ಲಕ್ಕೆ ಕೈಯಿಟ್ಟುಕೊಂಡು ನನ್ನೆದುರು ಕುಳಿತಳು. ನಾನು ಒಂದು ತುತ್ತು ನುಂಗಿ, ಕಣ್ಣೊರೆಸಿಕೊಂಡು, "ಭಾಳ ಛಲೋ ಆಗೇತಿ" ಎಂದೆ.