ಪಂಪು ಬಿಚ್ಚುವ ಮುಂಚೆ

ತೊಂಬತ್ತರ ದಶಕದಲ್ಲಿ ಬೈಲಹೊಂಗಲದಲ್ಲಿ ನಾನು ಲಾರಿಗಳ ಇಂಜಿನ್ನಿಗೆ ಡೀಸೆಲ್ ಒದಗಿಸುವ ಪಂಪು ರಿಪೇರಿ ಮಾಡುತ್ತಿದ್ದೆ. ಲಾರಿಗೆ ಏನೇ ಆಗಲಿ, ಅಪವಾದ ಮಾತ್ರ ಪಂಪಿನ ಮೇಲೇ. ಸವೆದದ್ದು ಖಾತ್ರಿಯಾಗುವವರೆಗೆ ಬಿಚ್ಚಬಾರದೆಂಬುದು ನನ್ನ ಹಟ. ಗಿರಾಕಿಗಳಿಗೂ ಅವರವರ ಹಟ. ಹೀಗಾಗಿ ಗ್ಯಾರೇಜಿನಲ್ಲಿ ಒಂದಿಲ್ಲೊಂದು ನಡೆದೇ ಇರುತ್ತಿತ್ತು.

ಕಪ್ಪು ಹೊಗೆ

ದಸರೆ ಮುಗಿದ ಮೇಲೆ ಕಿತ್ತೂರಿನ ಮಾಲೀಕರೊಬ್ಬರು ಕರ್ರಗೆ ಹೊಗೆ ಉಗುಳುವ ಲಾರಿ ತಂದು ನಿಲ್ಲಿಸಿದರು.

"ಪಂಪ್ ಹೋಗೇತಿ. ಹೊಸಾದ ಹಾಕ್ರಿ."

"ಮೊದಲ ಗಾಳಿ ಬರೂ ದಾರಿ ನೋಡೂಣ್ರಿ," ಎಂದು ಏರ್ ಫಿಲ್ಟರ್ ಬಿಚ್ಚಿದೆ. ಒಳಗೆ ಚೆಂಡು ಹೂವಿನ ಎಸಳು ಒತ್ತಿ ತುಂಬಿದ್ದವು. ಆಯುಧ ಪೂಜೆಯಂದು ಗಾಳಿ ಎಳೆಯುವ ಕೊಳವೆಗೇ ಮಾಲೆ ಕಟ್ಟಿದ್ದರು. ಇಂಜಿನ್ನು ಉಸಿರಿನ ಜೊತೆ ಹೂವನ್ನೂ ಎಳೆದುಕೊಂಡಿತ್ತು.

ಎಸಳು ತೆಗೆದ ಮೇಲೆ ಹೊಗೆ ನಿಂತಿತು. ಮಾಲೀಕರು ಯೋಚಿಸಿ, "ಮುಂದಿನ ವರ್ಷ ಹೊಗಿ ಬಿಡೂ ಪೈಪಿಗೆ ಕಟ್ಟತೇನಿ," ಅಂದರು.

"ಸುಟ್ಟ ಹೋಗತೈತ್ರಿ."

"ಹೋಗ್ಲಿ ಬಿಡ್ರಿ. ಪೂಜಾ ಜೋಡಿ ಹೋಮನೂ ಆಕೈತಿ."

ಗುಡ್ಡ ಏರದ ಲಾರಿ

ದೊಡವಾಡದ ಡ್ರೈವರ್ ಭಾಯ್ ಬಂದು, "ಸವದತ್ತಿ ಗುಡ್ಡ ಏರವಲ್ದು, ಪಂಪಿನ್ಯಾಗ ಜೀವ ಇಲ್ರಿ," ಅಂದರು. ನಾನೂ ಪಕ್ಕದಲ್ಲಿ ಕುಳಿತು ಹೋದೆ. ಅರ್ಧ ಏರಿನಲ್ಲಿ ಲಾರಿ ಮುಲುಗಿ ನಿಂತಿತು. ಬಗ್ಗಿ ನೋಡಿದರೆ ಎಕ್ಸಲರೇಟರ್ ಪೆಡಲ್ಲಿನ ಕೆಳಗೆ ಹಗ್ಗದಿಂದ ಕಟ್ಟಿದ ಒಂದು ಕಟ್ಟಿಗೆ ತುಂಡು. ಪೆಡಲ್ಲು ಅರ್ಧಕ್ಕಿಂತ ಕೆಳಗೆ ಹೋಗುವಂತೆಯೇ ಇಲ್ಲ.

"ಇದನ್ನ ಯಾರ ಕಟ್ಟ್ಯಾರ್ರಿ?"

"ನಮ್ಮಾಕಿ. ಜೋರ ಓಡಸಬಾರ್ದಂತ."

"ತಗೀರಿ ಮತ್ತ. ಲಾರಿ ಏರತೈತಿ."

"ಲಾರಿ ಏರತೈತ್ರಿ. ನನಗ ಮನಿ ಮೆಟ್ಟಲ ಏರಾಕ ಆಗಂಗಿಲ್ಲ."

ನಿಬ್ಬಣ

ನೇಸರಗಿಯ ಮಾಲೀಕರೊಬ್ಬರದು ಉಲ್ಟಾ. ಅವರ ಪಂಪು ನಿಜಕ್ಕೂ ಸವೆದಿತ್ತು. ಕಾದ ಇಂಜಿನ್ ಬಂದ್ ಮಾಡಿದರೆ ಮತ್ತೆ ಚಾಲೂ ಆಗುತ್ತಿರಲಿಲ್ಲ. ಪಂಪಿನ ಮೇಲೆ ತಣ್ಣೀರು ಸುರಿದು ಆರಿಸಬೇಕಿತ್ತು. "ಇದನ್ನ ಬಿಚ್ಚಾಕ ಬೇಕ್ರಿ," ಎಂದು ನಾನು. "ಒಂದ ಕೊಡ ನೀರಿನ್ಯಾಗ ಮುಗಿಯೂ ಕೆಲಸಕ್ಕ ಬಿಚ್ಚೂದ್ಯಾಕ?" ಎಂದು ಅವರು.

ಹಿರಿಮಗನ ಮದುವೆಗೆ ಅದೇ ಲಾರಿಯಲ್ಲಿ ರಾಮದುರ್ಗದ ಕಡೆ ನಿಬ್ಬಣ ಹೊರಟಿತು. ನನ್ನನ್ನೂ ಕರೆದಿದ್ದರು. ಬೀಗರ ಊರ ಹೊರಗೆ ಚಹಾಕ್ಕೆ ನಿಂತು ಇಂಜಿನ್ ಬಂದ್ ಮಾಡಿದ್ದೇ ತಪ್ಪಾಯಿತು. ಕೊಡದ ನೀರು ಸುರಿದೆವು, ಕುಡಿಯುವ ನೀರೂ ಸುರಿದೆವು. ಅದು ಮಿಸುಕಲಿಲ್ಲ. ಇತ್ತ ಮುಹೂರ್ತ ಹತ್ತಿರ ಬಂತು. ಎಲ್ಲರೂ ಇಳಿದು ನೂಕತೊಡಗಿದೆವು. ಬಾಸಿಂಗ ಕಟ್ಟಿಕೊಂಡ ಮದುಮಗನೂ ಹೆಗಲು ಕೊಟ್ಟ. ನೂಕುತ್ತ ನೂಕುತ್ತ ಬೀಗರ ಮನೆ ಮುಂದೆಯೇ ಬಂದುಬಿಟ್ಟೆವು.

ನಮಗೆಲ್ಲ ಮುಖ ಎತ್ತಲು ನಾಚಿಕೆ. ಆದರೆ ಮದುಮಗಳ ಅಜ್ಜಿ ಬೆವರಿದ ಹುಡುಗನನ್ನು ಮೇಲಿಂದ ಕೆಳಗೆ ನೋಡಿ, "ದುಡಿಯೂ ಹುಡುಗ ಅದಾನ. ನಮ್ಮ ಹುಡುಗಿ ಚಲೋ ಮನಿ ಸೇರಿದ್ಲು," ಅಂದರು. ಬೀಗರೆಲ್ಲ ತಲೆದೂಗಿದರು.

ಊಟವಾದ ಮೇಲೆ ಮಾಲೀಕರ ಬಳಿ ಹೋಗಿ, "ಈಗರ ಪಂಪ್ ಬಿಚ್ಚೂಣೇನ್ರಿ?" ಎಂದೆ.

ಅವರು ಎಲೆ ಅಡಿಕೆ ಜಗಿಯುತ್ತ ಅಂದರು: "ತಡೀರಿ. ಸಣ್ಣ ಮಗಂದು ಲಗ್ನ ಇನ್ನೂ ಐತಿ. ಅಲ್ಲೀಮಟ ಹಂಗ ಇರ್ಲಿ."