ಕೆಂಚನಿಗೆ ಆಡಕ್ಕೆ ಏನು ಕೊಡೋದು?

ನಾಯಿ ಇರೋ ಮನೇಲಿ ನಗೋ ಸಂಗತಿಗೆ ಬರ ಇಲ್ಲ, ನಗಕ್ಕೆ ಪುರುಸೊತ್ತು ಮಾತ್ರ ಇರಲ್ಲ. ಒಂದು ರಂಪ ಗುಡಿಸಿ ಮೂಲೆಗೆ ತಳ್ಳೋ ಹೊತ್ತಿಗೆ ಇನ್ನೊಂದು ಬಾಗಿಲಲ್ಲಿ ಬಾಲ ಅಲ್ಲಾಡಿಸ್ತಾ ನಿಂತಿರುತ್ತೆ.

ನಮ್ಮದು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯೋ ಮನೆ. ನಡುಮನೇಲಿ ಗುಂಡಿ ಮಗ್ಗ. ಗುಂಡಿಗೆ ಕಾಲು ಇಳಿಬಿಟ್ಟು ಕೂತು ನಮ್ಮನೆಯವರು ನೇಯ್ತಾರೆ, ಪಕ್ಕದಲ್ಲಿ ನಾನು ರಾಟೆ ತಿರುಗಿಸಿ ಕಂಡಿಕೆಗೆ ನೂಲು ಸುತ್ತಿ ಕೊಡ್ತೀನಿ. ಕೆಂಚ ನಮ್ಮ ನಾಯಿ. ಮರಿಯಾಗಿದ್ದಾಗ ಸಂತೆಯಿಂದ ನನ್ನ ಸೆರಗು ಹಿಡ್ಕೊಂಡು ಬಂದದ್ದು, ಇವತ್ತಿನ ತನಕ ಬಿಟ್ಟಿಲ್ಲ. ಅದಕ್ಕೆ ಯಾವಾಗಲೂ ಬಾಯಿಗೆ ಏನಾದರೂ ಬೇಕು. ಒಂದು ದಿನ ಏನೂ ಸಿಗದೆ ನೂಲು ಸುತ್ತಿದ ಕಂಡಿಕೆಯನ್ನೇ ಕಚ್ಚಿಕೊಂಡು ಬೀದಿಗೆ ಓಡಿತು. ನಮ್ಮ ಹೊಸ್ತಿಲಿಂದ ನೀರಿನ ಟ್ಯಾಂಕಿನ ತನಕ ಅರಿಶಿನ ಬಣ್ಣದ ರೇಷ್ಮೆ ಎಳೆ. ಹಾಲಿನವನು ಬೈಕು ನಿಲ್ಲಿಸಿ, "ಇವತ್ತು ಯಾರ ಮದ್ವೆ ಅಕ್ಕ, ಬೀದಿಗೆಲ್ಲ ದಾರ ಕಟ್ಟಿದ್ದೀರಿ?" ಅಂತ ಕೇಳಿದ.

ನಮ್ಮನೆಯವರಿಗೆ ಕೋಪ ನೆತ್ತಿಗೇರಿತು. "ಈ ಸೀರೆ ಮಗ್ಗದಿಂದ ಇಳೀಲಿ, ಇದನ್ನ ಅನೂರಿಗೆ ನಿನ್ನ ತಮ್ಮನ ತೋಟಕ್ಕೆ ಸಾಗಾಕ್ತೀನಿ. ಇಲ್ಲ ಅಂದ್ರೆ ಅದ್ಕೆ ಆಡಾಕೆ ಏನಾರ ಕೊಟ್ಟು ತೆಪ್ಪಗೆ ಕೂರ್ಸು" ಅಂದರು.

ಹನೂರಲ್ಲಿ ನನ್ನ ತಮ್ಮನ ತೋಟ ಕಾಡಿನ ಅಂಚಲ್ಲಿದೆ. ಅವನ ಹಿಂದಿನ ನಾಯಿಯನ್ನ ಚಿರತೆ ಹೊತ್ಕೊಂಡು ಹೋಗಿತ್ತು. ಅಲ್ಲಿಗೆ ನಮ್ಮ ಕೆಂಚ! ನಾನು ಅರ್ಧ ಸುತ್ತಿದ ಕಂಡಿಕೆ ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಕೊಂಡು ಹೊರಟೆ.

೧. ರಬ್ಬರ್ ಕೋಳಿ

ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯವನು ಒಂದು ಹಳದಿ ರಬ್ಬರ್ ಕೋಳಿ ಕೊಟ್ಟ. "ಕಚ್ಚುದ್ರೆ ಕೀಂಯ್ ಅಂತದೆ ಕಣಕ್ಕ. ನಾಯಿಗೆ ಬಲೇ ಖುಷಿ. ದಿನವೆಲ್ಲ ಕಚ್ತಾ ಇರ್ತದೆ" ಅಂದ.

ಕೆಂಚ ಒಂದೇ ಸಲ ಕಚ್ಚಿದ್ದು. ಕೋಳಿ ಕೀಂಯ್ ಅಂತು. ಕೆಂಚನಿಗೆ ಜೀವವೇ ಹೋದಂಗಾಯ್ತು. ಅಯ್ಯೋ, ಮಗೂಗೆ ನೋವಾಯ್ತು ಅಂದ್ಕೊಂಡನೋ ಏನೋ, ಕೂತು ನೆಕ್ಕಿದ್ದೇ ನೆಕ್ಕಿದ್ದು. ಆಮೇಲೆ ಅದನ್ನ ಹೊಟ್ಟೆ ಕೆಳಗೆ ಇಟ್ಕೊಂಡು ಮಲಗಿದ. ಯಾರಾದರೂ ಹತ್ತಿರ ಹೋದರೆ ಗುರ್ರ್. ತಟ್ಟೆಗೆ ಅನ್ನ ಹಾಕಿದರೆ ತಾನು ತಿನ್ನದೆ ಕೋಳಿಯನ್ನ ತಂದು ಅನ್ನದ ಮೇಲೆ ಕೂರಿಸಿ, ಅದರ ಮುಖ ನೋಡ್ತಾ ನಿಂತ. ಕೋಳಿ ಉಣ್ಣಲಿಲ್ಲ, ಅವನೂ ಉಣ್ಣಲಿಲ್ಲ. ಇಬ್ಬರಿಗೂ ಸೇರಿಸಿ ನಾನೇ ಅತ್ತೆ.

ಪಕ್ಕದ ಮನೆ ಅಜ್ಜಿ ಬಾಗಿಲಿಂದ ಇಣುಕಿ, "ಓ, ಬಾಣಂತಿ! ಯಾವಾಗವ್ವ ಮರಿ ಆಕ್ತು?" ಅಂದರು.

"ಅಜ್ಜಿ, ನಮ್ ಕೆಂಚ ಗಂಡುನಾಯಿ."

ಅಜ್ಜಿ ಕನ್ನಡಕ ಸರಿಮಾಡ್ಕೊಂಡು ಇನ್ನೊಂದು ಸಲ ನೋಡಿದರು. "ಅದ್ಕೇ ಕಣವ್ವ, ಅಷ್ಟೊಂದು ಗಾಬ್ರಿ ಬಿದ್ದದೆ!"

೨. ಕಬ್ಬು

ಕೋಳಿಯನ್ನ ಉಪಾಯವಾಗಿ ಅಟ್ಟಕ್ಕೆ ಎಸೆದೆ. ಕುಂತೂರಿನ ಸಕ್ಕರೆ ಫ್ಯಾಕ್ಟರಿಗೆ ಹೋಗೋ ಟ್ರ್ಯಾಕ್ಟರಿಂದ ಒಂದು ಜಲ್ಲೆ ಕಬ್ಬು ಬಿದ್ದಿತ್ತು. ಗಟ್ಟಿ ಇದೆ, ಸಿಹಿ ಇದೆ, ಇದಕ್ಕಿಂತ ಒಳ್ಳೆ ಆಟದ ಸಾಮಾನು ಬೇಕಾ ಅಂತ ಗೆಣ್ಣು ಗೆಣ್ಣಿಗೂ ತುಂಡು ಮಾಡಿ ಕೊಟ್ಟೆ. ಕೆಂಚ ಅಗಿದ ಅಂದರೆ ಅಗಿದ! ಮನೆ ತುಂಬ ಸಿಪ್ಪೆ. ನನಗೆ ಹಿಗ್ಗೋ ಹಿಗ್ಗು. ಹಿಗ್ಗಿ ಮುಗಿಯೋದರೊಳಗೆ ಸಿಪ್ಪೆಗೆ ಇರುವೆ, ಇರುವೆ ಹಿಂದೆ ಇರುವೆ, ಸಾಲಾಗಿ ಮಗ್ಗದ ಗುಂಡಿಗೆ ಇಳಿದವು. ಗುಂಡೀಲಿ ನಮ್ಮನೆಯವರ ಕಾಲಿತ್ತು.

ಅವರು ಗುಂಡಿಯಿಂದ ಹಾರಿ ಬಂದು ನಡುಮನೆ ತುಂಬ ಕುಣಿದರು. ಕೆಂಚ ಅಗಿಯೋದು ಬಿಟ್ಟು ಕೂತು ನೋಡ್ತಾ ಬಾಲ ಅಲ್ಲಾಡಿಸಿದ. ಸತ್ಯ ಹೇಳ್ತೀನಿ, ಅಲ್ಲಿ ತನಕ ತಂದದ್ದರಲ್ಲಿ ಅವನಿಗೆ ಹಿಡಿಸಿದ ಆಟ ಅದೊಂದೇ.

೩. ತಂಗಿಯ ಸಲಹೆ

ಯಳಂದೂರಿನಲ್ಲಿರೋ ನನ್ನ ತಂಗಿ ಫೋನಲ್ಲಿ ಬೈದಳು. "ಅಂಗ್ಡಿ ಸಾಮಾನು ಯಾಕಕ್ಕ ತರ್ತೀಯ? ಒಂದು ತೆಂಗಿನಕಾಯಿ ಕೊಡು. ನಮ್ಮನೆ ನಾಯಿ ಅದ್ರಲ್ಲೇ ಆಡ್ತದೆ. ನೀ ಎಸೀ, ಅದು ಓಗಿ ತತ್ತದೆ." ಸರಿ, ನಾರು ಅರ್ಧ ಇರೋ ಕಾಯಿ ಕೊಟ್ಟೆ. ನಾಲ್ಕು ದಿನದಲ್ಲಿ ಕೆಂಚ ಕಲಿತೇ ಬಿಟ್ಟ. ಎಸೆದರೆ ಓಡಿ ಹೋಗಿ ತಂದು ಕಾಲ ಹತ್ತಿರ ಇಟ್ಟು, ಮತ್ತೆ ಎಸೆಯೋ ಜಾಗಕ್ಕೆ ಮುಂಚೇನೇ ಓಡಿ ಕಾಯ್ತಾ ನಿಲ್ತಾನೆ. ಗೆದ್ದೆ ಅಂದ್ಕೊಂಡೆ.

ಆಮೇಲೆ ಅಮಾವಾಸ್ಯೆ ಬಂತು. ಬೀದಿ ಕೊನೆ ಮನೆ ನಮಗೆ ನೂಲು ಕೊಟ್ಟು ಸೀರೆ ನೇಯಿಸೋ ಸಾವ್ಕಾರರದ್ದು. ಸಂಜೆ ಅವರು ಮನೆಗೆಲ್ಲ ದೃಷ್ಟಿ ತೆಗೆದು, ಕುಂಕುಮ ಬಳಿದ ಕಾಯಿಯನ್ನ ಮೂರು ದಾರಿ ಕೂಡೋ ಕಡೆ ಎಸೆದರು. ಕಾಯಿ ಒಡೀಲಿಲ್ಲ, ಉರುಳ್ತು. ಎಸೆದ ಮೇಲೆ ತಿರುಗಿ ನೋಡಬಾರದಲ್ಲ, ಅವರು ನೆಟ್ಟಗೆ ಬಂದು ಕಾಲು ತೊಳೆಯಕ್ಕೆ ಹೋದರು. ತೊಳ್ಕೊಂಡು ಬರೋ ಹೊತ್ತಿಗೆ ಕಾಯಿ ಅವರ ಹೊಸ್ತಿಲ ಮೇಲೆ!

ತಂದಿಟ್ಟ ಕೆಂಚ ಆಗಲೇ ಮೂರು ದಾರಿ ಕಡೆ ಓಡಿ ಕಾಯ್ತಾ ನಿಂತಿದ್ದ. ಅದು ಜಗಲಿ ಮೇಲಿದ್ದ ನನಗೆ ಕಂಡಿತು, ಅವರಿಗೆ ಕಾಣಲಿಲ್ಲ. ಕೂಗಿ ಹೇಳಿದರೆ ಕೆಂಚ ಹನೂರಿಗೇ ಅಂತ ಬಾಗಿಲ ಮರೆಗೆ ಸರಿದೆ. ಸಾವ್ಕಾರರು ಬಿಳಿಚ್ಕೊಂಡು ಮತ್ತೆ ಹೋಗಿ ಇನ್ನೂ ಜೋರಾಗಿ ಎಸೆದರು. ಮತ್ತೆ ತಿರುಗಿ ನೋಡಲಿಲ್ಲ. ಮತ್ತೆ ಕಾಲು ತೊಳೆದರು. ಮತ್ತೆ ಹೊಸ್ತಿಲಲ್ಲಿ ಕಾಯಿ.

ಸಾವ್ಕಾರರು ಹೆಂಡ್ತೀನ ಕೂಗಿದರು: "ಒಳಗಡೆಯಿಂದ ಬಾಗ್ಲಾಕ್ಕೊಳೇ! ಇದು ಒಬ್ರು ಇಬ್ರು ಆಕಿರೋ ಕಣ್ಣಲ್ಲ, ಊರೇ ಸೇರ್ಕೊಂಡು ಆಕಿರೋದು!"

೪. ಹನೂರಿಂದ ಹಗ್ಗ ಬಂತು

ಕಾಯಿ ತಂದದ್ದು ಯಾರು ಅಂತ ಬೆಳಿಗ್ಗೆ ಬೀದಿಗೆಲ್ಲ ಗೊತ್ತಾಯ್ತು. ನಮ್ಮನೆಯವರು ಸಾವ್ಕಾರರ ಮುಂದೆ ತಲೆ ತಗ್ಗಿಸಿ ನಿಂತು ಬಂದರು. ಬಂದವರೇ ನನ್ನ ತಮ್ಮನಿಗೆ ಫೋನ್ ಮಾಡಿದರು: "ಭಾನ್ವಾರ ಬಂದು ನಾಯಿ ತಕಂಡೋಗಪ್ಪ." ಅಲ್ಲಿ ತನಕ ಕಣ್ಣ ಮುಂದೇನೇ ಇರಲಿ ಅಂತ ಕೆಂಚನನ್ನ ಮಗ್ಗದ ಎದುರಿನ ಕಂಬಕ್ಕೆ ಕಟ್ಟಿದರು. ನಾನು ಅವರ ಜೊತೆ ಮಾತು ಬಿಟ್ಟೆ. ಅನ್ನ ಬಡಿಸ್ತಿದ್ದೆ, ಆದರೆ ಕುಕ್ಕಿ ಬಡಿಸ್ತಿದ್ದೆ.

ಅವರು ಮಗ್ಗದಲ್ಲಿ ಕೂತು ಲಾಳಿ ಓಡಿಸೋ ಹಗ್ಗ ಎಳೆದರು. ಲಾಳಿ ಈ ಕಡೆಯಿಂದ ಆ ಕಡೆ ಓಡಿತು. ಕೆಂಚನ ಕತ್ತೂ ಓಡಿತು. ಲಾಳಿ ಬಂತು, ಕತ್ತು ಬಂತು. ಟಕ್ ಟಕ್, ಟಕ್ ಟಕ್. ಬೊಗಳೋದಿಲ್ಲ, ಕಚ್ಚೋದಿಲ್ಲ, ಕಣ್ಣು ಮಿಟುಕಿಸೋದೂ ಇಲ್ಲ. ನಾನು ಊರೆಲ್ಲ ಹುಡುಕಿದ ಆಟದ ಸಾಮಾನು ನಮ್ಮ ನಡುಮನೇಲೇ ಇತ್ತು!

ಆದರೆ ನಮ್ಮನೆಯವರು ಒಂದೇ ಸಮ ನೇಯೋರಲ್ಲ. ನಾಲ್ಕು ಎಳೆ ನೇಯ್ದರೆ ಒಂದು ಟೀ, ಟೀ ಆದ ಮೇಲೆ ಬೀದಿ ತುದಿ ತನಕ ಹೋಗಿ ಒಂದು ಮಾತು. ಅವತ್ತು ಲಾಳಿ ನಿಲ್ಲಿಸಿ ಎದ್ದರು. ಕೆಂಚ ಬೊಗಳಿದ. ಎಂಥ ಬೊಗಳು! ಅಟ್ಟದ ಮೇಲಿನ ಪಾತ್ರೆ ನಡುಗಿದವು. ಕೂತು ಹಗ್ಗ ಎಳೆದರು, ಗಪ್‌ಚಿಪ್. ಎದ್ದರು, ಬೌ ಬೌ. ಕೂತರು, ಗಪ್‌ಚಿಪ್. ಟೀಯನ್ನ ನಾನೇ ಗುಂಡಿ ಹತ್ತಿರ ಕೊಟ್ಟೆ. ಒಂದು ಕೈಯಲ್ಲಿ ಲೋಟ, ಒಂದು ಕೈಯಲ್ಲಿ ಹಗ್ಗ. ಸೀರೆ ಶನಿವಾರವೇ ಇಳಿಯಿತು. ಮಗ್ಗದ ಮೇಲಿದ್ದ ಅದೇ ಹಾಸುನೂಲಲ್ಲಿ ಮುಂದಿನ ಸೀರೆ ಶುರುವಾಯ್ತು.

ಭಾನುವಾರ ನನ್ನ ತಮ್ಮ ಹೊಸ ಹಗ್ಗ ಹಿಡ್ಕೊಂಡು ಬಂದ. ಕೆಂಚ ಅವನನ್ನ ಕಂಡು ಹಲ್ಲು ತೋರಿಸಿ ಗುರ್ರ್ ಅಂದ. "ಅಕ್ಕ, ನಂಗೆ ಕಚ್ತದೆ, ನೀ ವಸಿ ಇಡ್ಕೊಡು" ಅಂದ ನನ್ನ ತಮ್ಮ.

"ನಾ ಮುಟ್ಟಾಕಿಲ್ಲ. ಚಿರ್ತೆ ಬಾಯಿಗೆ ಕೊಡೋರು ನಿಮ್ ಭಾವ, ಅವ್ರೇ ಇಡ್ಕೊಡ್ಲಿ" ಅಂದೆ. ಒಳಗೆ ಹೋಗಿ ಪಾತ್ರೆ ಬೆಳಗಕ್ಕೆ ಕೂತೆ, ಕಿವಿ ಮಾತ್ರ ನಡುಮನೇಲಿ.

ಟಕ್ ಟಕ್ ನಿಂತಿತು. ಇವರು ಎದ್ದರು ಅಂತ ಗೊತ್ತಾಯ್ತು. ಬೌ ಬೌ. ಮತ್ತೆ ಟಕ್ ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನಿಂತಿತು, ಮತ್ತೆ ಬೌ ಬೌ, ಮತ್ತೆ ಟಕ್ ಟಕ್. ನನ್ನ ತಮ್ಮ ಜಗಲಿ ಮೇಲೆ ಕಾಫಿ ಕುಡಿದ, ಆಮೇಲೆ ಊಟ ಮಾಡಿದ, ಗೋಡೆಗೆ ಒರಗಿ ಸಣ್ಣ ನಿದ್ದೆಯನ್ನೂ ತೆಗೆದ. ಸಾಯಂಕಾಲದ ಬಸ್ಸಿನ ಹೊತ್ತಾಯ್ತು. ಪಾಪ, ಅವನೂ ಎಷ್ಟು ಅಂತ ಕಾಯ್ತಾನೆ?

"ಭಾವ, ನೀವು ಎದ್ದು ಬಂದ್ರೆ ತಾನೆ ನಾನು ನಾಯಿ ತಕಂಡೋಗದು?" ಅಂತ ಬಾಗಿಲಲ್ಲಿ ನಿಂತು ಕೂಗಿದ.

ನಮ್ಮನೆಯವರು ಹಗ್ಗ ಎಳೀತಾ ಎಳೀತಾನೇ ಗುಂಡಿಯಿಂದ ಕೂಗಿದರು: "ಎದ್ದೇಳಾಕೆ ಅದು ಬುಟ್ರೆ ತಾನೆ ಕಣ್ಲಾ!"